ಗೋಡೆಯಲ್ಲಿ ತಾರೆನನ ಕೈ

ಮಾರೆಕ್ ಪೇಟೆ, ಬಣ್ಣದವರ ಕೇರಿ
ಎಲೆ ಉದುರುವ ತಿಂಗಳ 4

ಅತ್ತೆಯವರಿಗೆ ಸೆನ್ವಿಯಿಂದ,

ಇಲ್ಲಿ ನಮ್ಮಿಬ್ಬರ ಕೈ ಬೆಚ್ಚಗಿದೆ. ಅಲ್ಲಿ ನಿಮ್ಮದೂ ಬೆಚ್ಚಗಿರಲಿ.

ಪಿಲ್ಯಳ ಮುಂದಿನ ಎರಡು ಹಲ್ಲು ಬಿದ್ದಿವೆ. ನಕ್ಕರೆ ಥೇಟ್ ಅಜ್ಜಿಯೇ ಎಂದು ರೇಗಿಸುತ್ತೇನೆ. ನೀವು ಕೇಳಿಸಿಕೊಂಡಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿರಲಿಲ್ಲ. ನಾನು ಈಗಲೂ ಬಣ್ಣದ ಮನೆಯಲ್ಲಿ ಉಣ್ಣೆ ತೊಳೆಯುತ್ತೇನೆ, ಮೊಣಕೈವರೆಗೂ ನೀಲಿ. ಮೊನ್ನೆ ಅವಳು, "ಅಮ್ಮಾ, ಈಗ ನೀನು ಇಟ್ಟಿಗೆ ಮೇಲೆ ಕೈ ಒತ್ತಿದ್ರೆ ನಮ್ಮೂರ ಗೋಡೆನೂ ನೀಲಿ ಆಗತ್ತಾ?" ಎಂದು ಕೇಳಿದಳು. ಅವಳಿಗೆ ತೋರ್ವೆನ್ ನೆನಪಿಲ್ಲ. ಗೋಡೆ ಮಾತ್ರ ಹೇಗೋ ಗೊತ್ತು.

ಒಂದು ವಿಷಯ ಹೇಳಬೇಕು. ನಾಲ್ಕು ದಿನದಿಂದ ಬರೆಯುವುದು, ಹರಿಯುವುದು, ಇದೇ ಆಗಿದೆ. ಇಲ್ಲಿ ಬೆರಿಕ್ ಎನ್ನುವವರಿದ್ದಾರೆ, ಇಲ್ಸಾ ನದಿಯಲ್ಲಿ ದೋಣಿ ನಡೆಸುತ್ತಾರೆ. ಹೋದ ವಾರ ಪಿಲ್ಯಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು, "ಸೆನ್ವಿ, ಸುತ್ತಿ ಬಳಸಿ ಮಾತಾಡಕ್ಕೆ ನಂಗೆ ಬರಲ್ಲ. ಮಗು ನಮ್ಮನೇಲೇ ಅರ್ಧ ದಿನ ಇರತ್ತೆ. ನೀನೂ ಬಂದ್ಬಿಡು" ಎಂದರು. ಗೋಡೆಯನ್ನು ಕೇಳಬೇಕು ಎಂದೆ. ಅವರು ಪೇಟೆಯವರು, ಆದರೂ ನಗಲಿಲ್ಲ. "ಕೇಳು. ಕಾಯ್ತೀನಿ" ಎಂದರು.

ಅದಕ್ಕೇ ಕೇಳುತ್ತಿದ್ದೇನೆ, ಅತ್ತೆ. ಊರು ಸುಟ್ಟು ನಾಲ್ಕು ವರ್ಷ ಆಯಿತು. ಬೂದಿಯಿಂದ ಹಳೆಯ ಇಟ್ಟಿಗೆಗಳನ್ನು ಆರಿಸಿ ಹೊಸ ಗೋಡೆ ಕಟ್ಟಿದವರು ನೀವು. ನಿಮ್ಮ ಮಗ ತಾರೆನನ ಕೈ ಇರುವ ಇಟ್ಟಿಗೆ ಏನಾಯಿತೆಂದು ಇಷ್ಟು ವರ್ಷ ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಈಗ ಹೇಳಿಬಿಡಿ. ಅಂಗೈ ಸೀಳಿದ್ದರೆ ಸೀಳಿದೆ ಎನ್ನಿ, ಅವನು ಇಲ್ಲ ಎನ್ನಿ. ನಾನು ತಡೆದುಕೊಳ್ಳುತ್ತೇನೆ. ನೀವು ಒಬ್ಬರೇ ಅದನ್ನು ಹೊತ್ತುಕೊಂಡು ಇರಬೇಡಿ.

ನಿಮ್ಮ
ಸೆನ್ವಿ

*

ತೋರ್ವೆನ್
ಎಲೆ ಉದುರುವ ತಿಂಗಳ 27

ಮಗಳೇ ಸೆನ್ವಿ,

ಈ ಬೆಳಿಗ್ಗೆ ಗೋಡೆಗೆ ಹೋಗಿ ಮುಟ್ಟಿ ಬಂದೆ. ನಿನ್ನ ಕೈ ಗಟ್ಟಿಯಾಗಿದೆ.

ಉಪ್ಪಿನ ಗಾಡಿಯ ನೆಸ್ಕಾ ನಿನ್ನ ಪತ್ರ ಕೊಟ್ಟಳು. ಇಪ್ಪತ್ತು ದಿನ ಉಪ್ಪಿನ ಮೂಟೆಯ ಕೆಳಗಿದ್ದು ಅರ್ಧ ಅಕ್ಷರ ಅಳಿಸಿಹೋಗಿತ್ತು. ಅವಳನ್ನು ಬೈದರೆ, "ಅಜ್ಜಿ, ಒಳ್ಳೆ ಸುದ್ದಿ ಆದ್ರೆ ಅಳಿಸಲ್ಲ ಬಿಡು" ಎನ್ನುತ್ತಾಳೆ. ಬಾಯಿ ನೋಡು ಅವಳದು!

ಊರು ಈಗ ನೋಡಲು ಊರಿನ ಹಾಗಿದೆ. ಇಪ್ಪತ್ತೊಂದು ಮನೆಗೆ ಸೂರು ಬಿದ್ದಿದೆ. ಬಾವಿ ನೀರಿನಲ್ಲಿ ಮಾತ್ರ ಇನ್ನೂ ಬೂದಿಯ ರುಚಿ. ಊರಿನ ಹಿರಿಯಳು ಕಾಸ್ರಾ ಹೊಸ ಕಟ್ಟಳೆ ಮಾಡಿದ್ದಾಳೆ: ಒಲೆ ಉರಿಯುವಾಗ ಮನೆಯಲ್ಲಿ ಇಬ್ಬರಿರಬೇಕು, ಒಬ್ಬರು ಒಲೆಯ ಮುಂದೆ, ಒಬ್ಬರು ಬಾಗಿಲಲ್ಲಿ. ಸರಿಯೇ. ಅವತ್ತು ಕರೆಗಾಳಿ ಬೀಸಿದಾಗ ಅದರಲ್ಲಿ ತಮ್ಮ ಸತ್ತವರ ಕರೆ ಕೇಳಿದವರೆಲ್ಲ ಉರಿಯುವ ಒಲೆ ಬಿಟ್ಟು ಎದ್ದು ಹೋದದ್ದಕ್ಕೇ ಅಲ್ಲವೇ ಊರು ಸುಟ್ಟದ್ದು. ಆದರೆ ನನ್ನಂಥ ಒಂಟಿ ಮುದುಕಿ ಏನು ಮಾಡಬೇಕು? ಪಕ್ಕದ ಮನೆ ಡೋಲ್ವನೂ ಒಂಟಿ. ಅವನ ಮನೆಯಲ್ಲಿ ನಾನು ಗಂಜಿ ಕಾಯಿಸುತ್ತೇನೆ, ಅವನು ಬಾಗಿಲಲ್ಲಿ ಕೂತು ಉಪ್ಪು ಜಾಸ್ತಿ ಎನ್ನುತ್ತಾನೆ. ಬಾಯಿಗೆ ಹಾಕುವ ಮೊದಲೇ!

ನಿನ್ನ ದೋಣಿಯವನ ವಿಷಯ ಓದಿದೆ. ಒಳ್ಳೆಯವನೇ ಇರಬಹುದು. ಆದರೆ ನೀನು ಕೇಳಿದ್ದಕ್ಕೆ ನಾನು ಇದ್ದದ್ದನ್ನೇ ಹೇಳಬೇಕಲ್ಲ. ತಾರೆನನ ಇಟ್ಟಿಗೆ ಒಡೆದಿಲ್ಲ. ಮಣ್ಣು ತರುವ ಕಿರುಬಾಗಿಲ ಪಕ್ಕದಲ್ಲಿ, ನಿನ್ನ ಕೈಯ ಎಡಕ್ಕೆ, ಅವನ ಕೈ ಹಾಗೇ ಇದೆ. ಗಟ್ಟಿ.

ಆದ್ದರಿಂದ ಆ ಮಾತು ಅಲ್ಲಿಗೆ ಬಿಡು. ಈಗ ಗೋಡೆಯಲ್ಲಿ ಸರಿಯಾಗಿ ನಲವತ್ತು ಕೈ ಇವೆ. ನಲವತ್ತಕ್ಕೆ ಒಂದು ಕಡಿಮೆಯಾದರೂ ಗಡಿಕಚೇರಿ ಊರನ್ನು ಲೆಕ್ಕದಿಂದ ತೆಗೆಯುತ್ತದೆ, ನೆಸ್ಕಾಳ ಗಾಡಿಯೂ ನಿಲ್ಲುತ್ತದೆ. ನೀನು ಬೇರೆಯವನನ್ನು ಕಟ್ಟಿಕೊಂಡರೆ ನಿನ್ನ ಕೈ ಕಿತ್ತು ಕಳಿಸಬೇಕಾಗುತ್ತದೆ. ಪಿಲ್ಯಳಿಗೆ ಬರುವ ಬಿತ್ತನೆಗೆ ಏಳು ತುಂಬುತ್ತದೆ. ಕೈ ಒತ್ತಿಸುವ ವಯಸ್ಸು. ಕರೆದುಕೊಂಡು ಬಾ. ಅವಳಿಗೆಂದು ಜಿಗಟು ಮಣ್ಣು ಈಗಲೇ ತುಳಿದು ಮುಚ್ಚಿಟ್ಟಿದ್ದೇನೆ.

ಓರ್ಮಾ

*

ಮಾರೆಕ್
ಮೊದಲ ಹಿಮದ ತಿಂಗಳ 19

ಅತ್ತೆ,

ನಿಜವಾಗಿಯೂ ಒಡೆದಿಲ್ಲವೇ?

ಕೋಪ ಮಾಡಿಕೊಳ್ಳಬೇಡಿ. ಒಂದು ಸಲ ದೀಪ ಹಿಡಿದು ನೋಡಿ. ಕೂದಲೆಳೆಯಷ್ಟು ಗೆರೆ, ಬೆರಳ ಸಂದಿಯಲ್ಲಿ ಆದರೂ ಇರಬಹುದು. ಬೂದಿ ಮೆತ್ತಿಕೊಂಡು ಕಾಣದೆ ಹೋಗಿರಬಹುದು. ಅದು ಅವನದೇ ಎಂದು ಹೇಗೆ ಗೊತ್ತು? ಬೇರೆ ಯಾರದೋ ಕೈ ಇರಬಹುದಲ್ಲ?

ಅದು ಹಾಗೇ ಇರುವುದು ಆಗುವ ಮಾತಲ್ಲ, ಅತ್ತೆ. ಯಾಕೆಂದು ಕೇಳಬೇಡಿ.

ಮಣ್ಣು ಮುಟ್ಟಿ ಆಣೆ ಮಾಡಿ ಬರೆಯಿರಿ. ನೀವು ಮಣ್ಣು ಮುಟ್ಟಿ ಹೇಳಿದರೆ ನಾನು ಇನ್ನೊಂದು ಸಲ ಕೇಳುವುದಿಲ್ಲ.

ಪಿಲ್ಯಾ ಚೆನ್ನಾಗಿದ್ದಾಳೆ.

ಸೆನ್ವಿ

*

ತೋರ್ವೆನ್
ಗಟ್ಟಿ ಹಿಮದ ತಿಂಗಳ 10

ಸೆನ್ವಿ,

ನಿನ್ನ ಕೈ ಗಟ್ಟಿಯಾಗಿದೆ.

ಅವನದೂ ಗಟ್ಟಿಯಾಗಿದೆ. ಮಣ್ಣು ಮುಟ್ಟಿ ಹೇಳುತ್ತಿದ್ದೇನೆ. ಸಾಕಾ?

ಗಂಡ ಬದುಕಿದ್ದಾನೆ ಎಂದರೆ ಕುಣಿಯಬೇಕಾದವಳು "ಆಗುವ ಮಾತಲ್ಲ" ಎಂದು ಬರೆಯುತ್ತೀಯಲ್ಲ, ಏನೇ ನಿನ್ನ ಕತೆ? ಅವನದೇ ಎಂದು ಹೇಗೆ ಗೊತ್ತು ಅಂತೆ! ಏಳನೆಯ ವರ್ಷ ಅವನು ಆ ಹಸಿ ಇಟ್ಟಿಗೆಯ ಮೇಲೆ ಕೈ ಒತ್ತಿದಾಗ ಮಣಿಕಟ್ಟು ಹಿಡಿದುಕೊಂಡವಳು ನಾನು. ಕಿರುಬೆರಳು ಸೊಟ್ಟ. ಹಠಮಾರಿ, ಬೇಗ ತೆಗೆಯಲು ನೋಡಿದ್ದ. ಆ ಬೆರಳು ಎಳೆದ ಗುರುತು ಇವತ್ತಿಗೂ ಇದೆ. ನಿನಗೆ ದೋಣಿಯವನು ಬೇಕಾಗಿದ್ದರೆ ನೇರವಾಗಿ ಹೇಳು. ನನ್ನ ಮಗ ಸಾಯಲಿ ಎಂದು ಇಟ್ಟಿಗೆಯಲ್ಲಿ ಬಿರುಕು ಹುಡುಕಬೇಡ.

ಬರೆದ ಮೇಲೆ ಅಳಿಸೋಣ ಎನಿಸಿತು. ಅಳಿಸುವುದಿಲ್ಲ. ನನಗೂ ಹೊಟ್ಟೆ ಉರಿಯುತ್ತದೆ.

ಡೋಲ್ವ ಹೋದ. ನಾಲ್ಕು ದಿನದ ಹಿಂದೆ ಮಧ್ಯಾಹ್ನ ಗಾಳಿ ಎದ್ದಿತ್ತು. ಯಾರಿಗೂ ಏನೂ ಕೇಳಿಸಲಿಲ್ಲ. ಗೋಡೆ ಹೊಸದು, ಗಾಳಿಯ ಕರೆ ತಡೆಯುವಷ್ಟು ಗಟ್ಟಿಯಿದೆ. ಆದರೂ ಅವನು ಕಿರುಬಾಗಿಲ ಅಗುಳಿ ತೆಗೆದುಕೊಂಡು ಹೊರಗೆ ನಡೆದುಬಿಟ್ಟ. ವಯಸ್ಸಾಗಿತ್ತು, ತಲೆ ಸರಿ ಇರಲಿಲ್ಲ. ಸಂಜೆ ಹೊತ್ತಿಗೆ ಅವನ ಇಟ್ಟಿಗೆ ಸೀಳಿತು. ಈಗ ಮೂವತ್ತೊಂಬತ್ತು. ಹಿಮ ಕರಗಿ ಕಚೇರಿಯವರು ಎಣಿಸಲು ಬರುವುದರೊಳಗೆ ಪಿಲ್ಯಳ ಕೈ ಬಂದರೆ ನಲವತ್ತಾಗುತ್ತದೆ.

ಬಾಗಿಲಲ್ಲಿ ಕೂರುವವರಿಲ್ಲ, ಆದ್ದರಿಂದ ಒಲೆ ಹಚ್ಚುವ ಹಾಗಿಲ್ಲ. ನೆನೆಸಿದ ಜವೆಯನ್ನೇ ತಣ್ಣಗೆ ತಿನ್ನುತ್ತಿದ್ದೇನೆ. ಉಪ್ಪು ಜಾಸ್ತಿ ಎನ್ನುವವರೂ ಇಲ್ಲ.

ಓರ್ಮಾ

*

ಮಾರೆಕ್
ಹಿಮ ಕರಗುವ ತಿಂಗಳ 1

ಅತ್ತೆ,

ಈ ಹಾಳೆಯನ್ನು ನಿಮಗೆ ಕಳುಹಿಸುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಇಡುತ್ತೇನೆ. ಒಂದು ಸಲ ಎಲ್ಲಾದರೂ ಪೂರ್ತಿ ಬರೆಯದಿದ್ದರೆ ನನ್ನ ತಲೆ ಕೆಡುತ್ತದೆ.

ಅವತ್ತು ನೀವು ಇಟ್ಟಿಗೆ ಗೂಡಿನ ಹತ್ತಿರ ಇದ್ದಿರಿ. ನಾನು ಒಲೆಯ ಮೇಲೆ ಎಲೆಕೋಸು ಇಟ್ಟಿದ್ದೆ. ಗಾಳಿ ಬಂತು. ಕೇರಿಯಲ್ಲಿ ಜನ ಸೌಟು ಕೈಯಲ್ಲಿ ಹಿಡಿದುಕೊಂಡೇ ನಡೆದು ಹೋಗುತ್ತಿದ್ದರು. ನನಗೆ ಏನೂ ಕೇಳಿಸಲಿಲ್ಲ. ನನಗೆ ಕರೆಯುವವರು ಯಾರೂ ಇರಲಿಲ್ಲ, ನನ್ನವರೆಲ್ಲ ಮನೆಯಲ್ಲೇ ಇದ್ದರು. ಹೊಗೆ ಎದ್ದಾಗ ತಾರೆನ್ ನನ್ನನ್ನೂ ಮಗುವನ್ನೂ ಎಳೆದುಕೊಂಡು ಹೊಳೆಯ ಕಡೆಗೆ ಓಡಿದ. ಅವನೂ ಸರಿಯಾಗಿಯೇ ಇದ್ದ. ದಡದಲ್ಲಿ ನಿಂತು ಉಸಿರು ಬಿಡುತ್ತಿದ್ದಾಗ ನಿಮ್ಮ ಕೂಗು ಬಂತು. "ತಾರೆನ್, ಬಾರೋ! ಬೇಗ ಬಾರೋ!"

ಅತ್ತೆ, ಅದು ನನಗೂ ಕೇಳಿಸಿತು. ಕರೆಗಾಳಿ ಒಬ್ಬರಿಗೆ ಕೇಳಿಸಿದ್ದನ್ನು ಇನ್ನೊಬ್ಬರಿಗೆ ಕೇಳಿಸುವುದಿಲ್ಲ. ಆದ್ದರಿಂದ ಅದು ಗಾಳಿಯಲ್ಲ, ನೀವೇ. ಗೂಡಿನಿಂದ ನೀವು ನಿಜವಾಗಿ ಕೂಗಿದ್ದಿರಿ. ಗಾಳಿ ನಿಮ್ಮ ಕೂಗನ್ನು ಎತ್ತಿಕೊಂಡು ಹೋಗಿ ಆಚೆ ದಡದಿಂದ ಬರುವ ಹಾಗೆ ಮಾಡಿತು, ಅಷ್ಟೇ. ಅವನು ಮಂಜುಗಡ್ಡೆಯ ಮೇಲೆ ಕಾಲಿಟ್ಟ. ನಾನು ಕೈ ಹಿಡಿದುಕೊಂಡೆ. "ಅತ್ತೆ ಗೂಡಿನ ಹತ್ರ ಇದಾರೆ, ಆ ಕಡೆ ಅಲ್ಲ" ಎಂದು ಕಿರುಚಿದೆ. "ಅವ್ವ ಕರೀತಿದಾಳೆ, ಬಿಡೆ" ಎಂದ. ಸಿಟ್ಟಿನಿಂದಲ್ಲ. ನೀರು ತರಲು ಹೊರಟವನು ಹೇಳುವ ಹಾಗೆ ಹೇಳಿದ.

ಗಡ್ಡೆ ಬಿರಿಯಿತು. ಸೊಂಟದ ಮೇಲಿದ್ದ ಪಿಲ್ಯಾ ಜಾರಿದಳು. ನನಗಿದ್ದದ್ದು ಎರಡೇ ಕೈ. ನಾನು ಅವನ ಕೈ ಬಿಟ್ಟೆ.

ಅವನು ಮತ್ತೆ ಮೇಲೆ ಬರಲಿಲ್ಲ. ಬಹಳ ಹೊತ್ತು ನೋಡಿದೆ.

ನಿಮಗೆ "ಗಾಳಿಯಲ್ಲಿ ಕಳೆದುಹೋದ" ಎಂದಷ್ಟೇ ಹೇಳಿ ಮರುದಿನವೇ ಊರು ಬಿಟ್ಟೆ. ಇಟ್ಟಿಗೆ ಸೀಳಿರುತ್ತದೆ, ನೀವೇ ನೋಡಿ ತಿಳಿದುಕೊಳ್ಳುತ್ತೀರಿ, ಹೇಗೆ ಸತ್ತ ಎಂದು ನಾನು ಹೇಳಬೇಕಾಗುವುದಿಲ್ಲ ಎಂದುಕೊಂಡಿದ್ದೆ. ಮಗನನ್ನು ಉಳಿಸಲು ಕೂಗಿದ ಕೂಗೇ ಅವನನ್ನು ನೀರಿಗೆ ಇಳಿಸಿತು ಎಂದು ಯಾವ ಬಾಯಿಂದ ಹೇಳಲಿ?

ಈಗ ನೀವು ಮಣ್ಣು ಮುಟ್ಟಿ ಗಟ್ಟಿ ಎನ್ನುತ್ತಿದ್ದೀರಿ.

*

ಮಾರೆಕ್
ಹಿಮ ಕರಗುವ ತಿಂಗಳ 3

ಅತ್ತೆಯವರಿಗೆ,

ನನ್ನಿಂದ ತಪ್ಪಾಗಿದೆ. ತಾರೆನ್ ಹೇಗೆ ಹೋದನೆಂದು ನಾನು ನಿಮಗೆ ಹೇಳಲಿಲ್ಲ. ಅವನು ಇಲ್ಸಾದ ಗಡ್ಡೆಯ ಮೇಲೆ ಹೋದ. ಗಡ್ಡೆ ಒಡೆಯಿತು. ನಾನು ಅವನ ಕೈ ಹಿಡಿದಿದ್ದೆ, ಬಿಟ್ಟೆ. ಯಾರೋ ಕರೆಯುತ್ತಿದ್ದಾರೆ ಎಂದ. ಯಾರೆಂದು ಹೇಳಲಿಲ್ಲ.

ಅವನು ಸತ್ತ ಎಂದೇ ನಾಲ್ಕು ವರ್ಷ ತಿಳಿದಿದ್ದೆ. ಈಗ ನೀವು ಎರಡು ಸಲ ಹೇಳಿದಿರಿ, ಎರಡನೆಯ ಸಲ ಮಣ್ಣು ಮುಟ್ಟಿ. ಇಟ್ಟಿಗೆ ಸುಳ್ಳು ಹೇಳುವುದಿಲ್ಲ, ನೀವೂ ಹೇಳುವವರಲ್ಲ. ಹಾಗಾದರೆ ಅವನು ಆಚೆ ದಡ ಹತ್ತಿದ್ದಾನೆ. ಕರೆ ಕೇಳಿ ಹೋದವರು ಗುಡ್ಡಗಳಲ್ಲಿ ತಮ್ಮ ಹೆಸರೂ ಗೊತ್ತಿಲ್ಲದೆ ಅಲೆಯುತ್ತಾರೆ ಎನ್ನುತ್ತಾರೆ. ಅಲ್ಲಿ ಎಲ್ಲೋ ಇದ್ದಾನೆ. ನಾಲ್ಕು ಚಳಿಗಾಲ! ನಾನು ಇಲ್ಲಿ ಬೆಚ್ಚಗೆ ಮಲಗಿ ಬೇರೆಯವರ ದೋಣಿಯ ಕಡೆ ನೋಡುತ್ತಿದ್ದೆ.

ನಾನು ಅವನನ್ನು ಹುಡುಕಲು ಹೋಗುತ್ತಿದ್ದೇನೆ. ಈ ತಿಂಗಳ 25ಕ್ಕೆ ಮೇಲಿನ ಹೊಳೆಯಲ್ಲಿ ದೋಣಿ ಹೋಗುವಷ್ಟು ನೀರಾಗುತ್ತದೆ. ಕೆಳಗಡವಿನವರೆಗೆ ದೋಣಿ, ಅಲ್ಲಿ ಹೊಳೆ ದಾಟಿ ನಡಿಗೆ. ಆಚೆ ಗೋಡೆ ಇಲ್ಲ, ಗೊತ್ತು. ಹೋದವರು ಬಂದಿಲ್ಲ, ಅದೂ ಗೊತ್ತು. ಬಿಟ್ಟದ್ದು ನನ್ನ ಕೈ, ಹಿಡಿದು ತರಬೇಕಾದದ್ದೂ ಅದೇ.

ಬೆರಿಕ್ ಅವರಿಗೆ ಆಗುವುದಿಲ್ಲ ಎಂದು ಹೇಳಿದೆ. "ನನ್ನನ್ನ ಬೇಡ ಅಂದ್ಯಲ್ಲ, ಆಯ್ತು. ದೋಣೀನ ಬೇಡ ಅನ್ಬೇಡ" ಎಂದರು. ಕಡವಿನವರೆಗೆ ಅವರೇ ಬಿಡುತ್ತಾರೆ. ಪಿಲ್ಯಾ ಅವರ ಅಕ್ಕನ ಮನೆಯಲ್ಲಿರುತ್ತಾಳೆ. ನಾನು ಬರದಿದ್ದರೆ ನೆಸ್ಕಾಳ ಗಾಡಿಯಲ್ಲಿ ಅವಳನ್ನು ನಿಮ್ಮ ಹತ್ತಿರ ಕಳುಹಿಸುತ್ತಾರೆ.

ನನ್ನ ಇಟ್ಟಿಗೆ ನೋಡುತ್ತಿರಿ.

ಸೆನ್ವಿ

*

ತೋರ್ವೆನ್
ಹಿಮ ಕರಗುವ ತಿಂಗಳ 23
ಕೆಳಗಡವಿನ ಕಾವಲುಗಿತ್ತಿ, ಇದನ್ನು ಸೆನ್ವಿಯ ಕೈಗೇ ಕೊಡು. ಅವಳು ಓದುವವರೆಗೆ ಹೊಳೆ ದಾಟಲು ಬಿಡಬೇಡ.

ಸೆನ್ವಿ, ಹೋಗಬೇಡ. ಅವನು ಸತ್ತಿದ್ದಾನೆ. ದಾಟಬೇಡ, ಮಗಳೇ, ಮೊದಲು ಪೂರ್ತಿ ಓದು.

ನಿನ್ನ ಪತ್ರ ಇವತ್ತು ಬೆಳಿಗ್ಗೆ ಬಂತು. ಮಾರೆಕ್‌ಗೆ ಬರೆದರೆ ತಲುಪುವುದಿಲ್ಲ ಎಂದು ಕಡವಿಗೆ ಕುದುರೆ ಕಳಿಸುತ್ತಿದ್ದೇನೆ. ಕಾಸ್ರಾಳ ಕಾಲು ಹಿಡಿದು ಕುದುರೆ ಕೇಳಿದೆ. ಕೊಡುವ ಮೊದಲು ಯಾಕೆ ಎಂದಳು, ಇದ್ದದ್ದನ್ನೆಲ್ಲ ಅವಳ ಅಂಗಳದಲ್ಲೇ ಹೇಳಬೇಕಾಯಿತು. ಈಗ ನಿನಗೂ ಹೇಳುತ್ತೇನೆ.

ಊರು ಸುಟ್ಟ ಮೂರನೆಯ ದಿನ ಬೂದಿ ಕೆದಕುವಾಗ ಅವನ ಇಟ್ಟಿಗೆ ಸಿಕ್ಕಿತು. ಅಂಗೈ ಮಧ್ಯದಲ್ಲಿ ಎರಡು ಹೋಳು. ಯಾರೂ ನೋಡುವ ಮೊದಲೇ ಸೆರಗಿನೊಳಗೆ ಹಾಕಿಕೊಂಡೆ. ಮನೆಗೆ ತಂದು ಹೋಳುಗಳನ್ನು ಜೋಡಿಸಿ, ಆ ಗುಳಿಗೆ ಹಸಿ ಮಣ್ಣು ತುಂಬಿದೆ. ಒಣಗಿಸಿ ತೆಗೆದರೆ ನನ್ನ ಮಗನ ಏಳು ವರ್ಷದ ಕೈ ಹೊರಗೆ ಬಂತು, ಸೊಟ್ಟ ಕಿರುಬೆರಳಿನ ಸಮೇತ. ಅದನ್ನು ಹೊಸ ಇಟ್ಟಿಗೆಗೆ ಒತ್ತಿ ಸುಟ್ಟು ಗೋಡೆಯಲ್ಲಿಟ್ಟೆ. ನಾನು ಇಟ್ಟಿಗೆಯವಳು, ಯಾರು ಅನುಮಾನ ಪಡುತ್ತಾರೆ?

ಮೊದಲು ಊರಿಗಾಗಿ ಎಂದುಕೊಂಡೆ, ನಲವತ್ತು ಕೈ ಬೇಕಲ್ಲ. ಆಮೇಲೆ ನಿನಗಾಗಿ ಎಂದುಕೊಂಡೆ, ಚಿಕ್ಕ ವಯಸ್ಸು, ಆಸೆ ಇರಲಿ ಅಂತ. ಎರಡೂ ಬರೀ ನೆಪ. ಆ ಇಟ್ಟಿಗೆಯ ಹಿಂದೆ ಉಸಿರಾಡುವ ಮನುಷ್ಯ ಇಲ್ಲ, ಆದ್ದರಿಂದ ಆ ಜಾಗದಲ್ಲಿ ಗಾಳಿ ಸೋರುತ್ತದೆ. ಮೊದಲ ಚಳಿಗಾಲ ಗಾಳಿ ಎದ್ದಾಗ ನಾನು ಅಲ್ಲೇ ನಿಂತಿದ್ದೆ. ಒಳಗೆ ಬಂದದ್ದು ಒಂದೇ ಮಾತು: "ಅವ್ವಾ." ಅವನದೇ ಧ್ವನಿ ಕಣೇ. ಬೆಳಿಗ್ಗೆ ಎದ್ದು ಜವೆ ರೊಟ್ಟಿ ಎಲ್ಲಿ ಎಂದು ಕೇಳುವಾಗಿನ ಧ್ವನಿ. ಗೋಡೆಗೆ ಕಿವಿ ಕೊಟ್ಟು ಕೂತೆ. ಆಮೇಲೆ ಗಾಳಿ ಎದ್ದಾಗಲೆಲ್ಲ ಹೋಗಿ ಕೂತೆ. ನಾಲ್ಕು ವರ್ಷ. ಎದ್ದು ಹೊರಗೆ ಹೋಗಬಾರದೆಂದು ಕಾಲನ್ನು ಬಾಗಿಲ ಬಳೆಗೆ ಕಟ್ಟಿಕೊಂಡು ಕೂರುತ್ತಿದ್ದೆ. ಅಷ್ಟು ಬುದ್ಧಿ ನನಗಿತ್ತು. ಬೇರೆಯವರ ಕಾಲು ಕಟ್ಟುವ ಬುದ್ಧಿ ಮಾತ್ರ ಬರಲಿಲ್ಲ.

ಡೋಲ್ವನ ತಲೆ ಸರಿಯಾಗಿಯೇ ಇತ್ತು. ಅವತ್ತು ನಾನು ಊಟಕ್ಕೆ ಬರಲಿಲ್ಲ ಎಂದು ಹುಡುಕಿಕೊಂಡು ಬಂದ. "ಓರ್ಮಾ, ಗೋಡೆ ಹತ್ರ ಏನ್ಮಾಡ್ತಿದೀಯ, ಗಂಜಿ ಆರ್ತಿದೆ" ಎಂದ. ಮರುಕ್ಷಣ ಮುಖ ಬೇರೆಯಾಯಿತು. "ಮಿರ್ಲೆ ಬಂದ್ಲು" ಎಂದ. ಅವನ ಹೆಂಡತಿ ಸತ್ತು ಹನ್ನೊಂದು ವರ್ಷ. ಅಗುಳಿ ತೆಗೆದ. ನನ್ನ ಕಾಲು ಕಟ್ಟಿತ್ತು. ಗಂಟು ಬಿಚ್ಚುವಷ್ಟರಲ್ಲಿ ಹಿಮದಲ್ಲಿ ಕಾಣದಾದ. ನಗುತ್ತಾ ಹೋದ, ಸೆನ್ವಿ. ಅಷ್ಟಾದ ಮೇಲೂ ನಾಲ್ಕೇ ದಿನಕ್ಕೆ ನಿನಗೆ ಮಣ್ಣು ಮುಟ್ಟಿ ಆಣೆ ಬರೆದೆ. ಆ ಇಟ್ಟಿಗೆ ತೆಗೆದರೆ ಮತ್ತೆ ಆ ಧ್ವನಿ ಕೇಳಿಸುವುದಿಲ್ಲ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಈಗ ಇಟ್ಟಿಗೆ ಕಿತ್ತಿದ್ದೇನೆ. ಎಲ್ಲರ ಮುಂದೆ ಸುತ್ತಿಗೆಯಿಂದ ಒಡೆದೆ.

ಆಚೆ ದಡದಲ್ಲಿ ಅವನ ಧ್ವನಿ ಕೇಳಿಸುತ್ತದೆ. ಖಂಡಿತ ಕೇಳಿಸುತ್ತದೆ. ಅದು ಅವನಲ್ಲ. ನಾಲ್ಕು ವರ್ಷ ಕೇಳಿದವಳು ಹೇಳುತ್ತಿದ್ದೇನೆ: ಅದು ಒಂದು ಸಲವೂ ನಾನು ಹೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಕರೆಯುವುದು ಬಿಟ್ಟು ಅದಕ್ಕೆ ಬೇರೇನೂ ಬರುವುದಿಲ್ಲ.

ಇನ್ನೊಂದು. ಅವತ್ತು ಹೊಗೆ ಕಂಡಾಗ ಗೂಡಿನಿಂದ ನಾನು ಅವನ ಹೆಸರು ಹಿಡಿದು ಕೂಗಿದ್ದೆ, ಗಂಟಲು ಹರಿಯುವ ಹಾಗೆ. ಯಾರು ಕರೆದರೆಂದು ಹೇಳಲಿಲ್ಲ ಎಂದು ಬರೆದಿದ್ದೀಯ. ತಾರೆನ್ ಹೇಳದೆ ಹೋಗುವವನಲ್ಲ, ಹಿತ್ತಲಿಗೆ ಹೋಗುವುದನ್ನೂ ಹೇಳಿ ಹೋಗುತ್ತಿದ್ದ. ನನ್ನ ಕೂಗು ಅವನ ಕಿವಿಗೆ ಬಿತ್ತೇ? ನಿನಗೆ ಸುಳ್ಳು ಹೇಳಿದವಳಿಗೆ ನಿಜ ಕೇಳುವ ಮುಖ ಇಲ್ಲ. ಆದರೂ ಕೇಳುತ್ತೇನೆ. ಹೇಳು, ಅದು ನಾನೇನಾ?

ಅದಕ್ಕೂ ಮೊದಲು ಹಿಂದಕ್ಕೆ ಹೋಗು.

ಓರ್ಮಾ

*

ಹಿಮ ಕರಗುವ ತಿಂಗಳ 27

ಕುದುರೆ ಇನ್ನೂ ಹಿಂದಿರುಗಿಲ್ಲ.

ಈ ಬೆಳಿಗ್ಗೆ ಮುಟ್ಟಿ ನೋಡಿದೆ. ನಿನ್ನ ಕೈ ಗಟ್ಟಿಯಾಗಿದೆ. ಸುಳ್ಳು ಹೇಳಿದ ಬಾಯಿಂದಲೇ ಹೇಳುತ್ತಿದ್ದೇನೆ, ಆದರೂ ನಂಬು.

ಇಟ್ಟಿಗೆ ಕಿತ್ತ ಸಂದಿಗೆ ಬೇರೆ ಕೈ ಇಲ್ಲ. ಹೊಸ ಮಣ್ಣು ಒಣಗುವಷ್ಟು ಬಿಸಿಲೂ ಇಲ್ಲ. ಬದುಕಿರುವ ಮೈ ಅಡ್ಡ ಇದ್ದರೆ ಗಾಳಿ ನಿಲ್ಲುತ್ತದೆ, ಆದ್ದರಿಂದ ಊರಿನವರು ಸರದಿಯಲ್ಲಿ ಬೆನ್ನು ಕೊಟ್ಟು ಕೂರುತ್ತಿದ್ದಾರೆ. ನಾನು ಕೂರುತ್ತೇನೆ ಎಂದೆ. "ನೀನು ಬೇಡ" ಎಂದಳು ಕಾಸ್ರಾ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

*

ಬಿತ್ತನೆ ತಿಂಗಳ 2

ಗಟ್ಟಿಯಾಗಿದೆ. ಬೆಳಿಗ್ಗೆ ನೋಡಿದೆ, ಮಧ್ಯಾಹ್ನ ನೋಡಿದೆ, ಈಗ ಮತ್ತೆ ನೋಡಿ ಬಂದೆ.

ಕುದುರೆ ಬಂತು. ಪತ್ರವನ್ನು ಕಾವಲುಗಿತ್ತಿಗೆ ಕೊಟ್ಟಾಗಿದೆ, ನೀನು ಇನ್ನೂ ಬಂದಿರಲಿಲ್ಲವಂತೆ. ನೀನು ಕಡವಿಗಿಂತ ಮೇಲೆಯೇ ಎಲ್ಲಾದರೂ ದಾಟಿಬಿಟ್ಟರೆ? ಅದನ್ನೇ ಯೋಚಿಸುತ್ತಿದ್ದೇನೆ.

ಕಚೇರಿಯವರು ಎಣಿಸಿಕೊಂಡು ಹೋದರು. ಮೂವತ್ತೆಂಟು. ಕೊಯ್ಲಿನವರೆಗೆ ಗಡುವು ಕೊಟ್ಟಿದ್ದಾರೆ. ಇಲ್ಲಿ ಯಾರೂ ನನ್ನ ಹತ್ತಿರ ಮಾತಾಡುವುದಿಲ್ಲ.

*

ಬಿತ್ತನೆ ತಿಂಗಳ 7

ನಿನ್ನೆ ಸಂಜೆ ಮಳೆ ಬಿತ್ತು. ನಿನ್ನ ಇಟ್ಟಿಗೆಯ ಮೇಲೆ ಒಂದು ಗೆರೆ ಕಂಡಿತು. ಉಗುರಿನಿಂದ ಕೆರೆದೆ. ನೀರಿನ ಗುರುತು. ಒರೆಸಿದರೆ ಹೋಯಿತು.

ಗಟ್ಟಿಯಾಗಿದೆ, ಸೆನ್ವಿ. ಗಟ್ಟಿಯಾಗಿದೆ.

*

ಕೆಳಗಡವು
ಬಿತ್ತನೆ ತಿಂಗಳ 8

ಅತ್ತೆ,

ಮೊನ್ನೆ ಇಲ್ಲಿಗೆ ಬಂದೆ. ಕಾವಲುಗಿತ್ತಿ ನನ್ನ ತೋಳು ಹಿಡಿದು ಕೂರಿಸಿ, ಪತ್ರವನ್ನು ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿಸಿದಳು. ಓದುವಾಗಲೇ ಆಚೆ ದಡದಿಂದ ಅವನು ನನ್ನ ಹೆಸರು ಕರೆಯುತ್ತಿದ್ದ. ನಾಲ್ಕು ವರ್ಷದ ಹಿಂದೆ ನನಗೆ ಕೇಳಿಸದಿದ್ದ ಗಾಳಿ ಈಗ ಕೇಳಿಸುತ್ತದೆ. ಪತ್ರ ಕೈಯಲ್ಲಿದ್ದೂ ನಾನು ಎದ್ದೆ. ಬೆರಿಕ್ ನನ್ನ ಸೊಂಟಕ್ಕೆ ದೋಣಿಯ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತಮ್ಮ ಸೊಂಟಕ್ಕೆ ಕಟ್ಟಿಕೊಂಡಿದ್ದರು. ನೀರು ಮೊಣಕಾಲಿಗೆ ಬಂದಾಗ ನೀವು ಬರೆದದ್ದು ನೆನಪಾಯಿತು. ನಿಂತು ಕೂಗಿದೆ: "ತಾರೆನ್, ನಿನ್ನ ಮಗಳ ಹೆಸರೇನು ಹೇಳು!" ಅದು ಮತ್ತೆ ನನ್ನ ಹೆಸರನ್ನೇ ಕರೆಯಿತು. ಮತ್ತೆ ಕೇಳಿದೆ. ಮತ್ತೆ ನನ್ನ ಹೆಸರೇ. ನೀರಲ್ಲೇ ಕೂತು ಅತ್ತುಬಿಟ್ಟೆ. ಬೆರಿಕ್ ಹಗ್ಗ ಹಿಡಿದು ದಡಕ್ಕೆ ಎಳೆದುಕೊಂಡರು.

ನಾಳೆ ಪಿಲ್ಯಳ ಹತ್ತಿರ ಹಿಂದಿರುಗುತ್ತೇನೆ.

ನಿಮ್ಮ ಮೇಲೆ ನನಗೆ ಎಷ್ಟು ಸಿಟ್ಟಿದೆ ಎಂದರೆ, ಈ ಹಾಳೆಯ ಮೇಲೆ ಅದನ್ನು ಬರೆಯಲು ಕೈ ಬರುತ್ತಿಲ್ಲ. ನನ್ನ ಮಗಳು ಅಪ್ಪನ ಜೊತೆ ಅಮ್ಮನನ್ನೂ ಕಳೆದುಕೊಳ್ಳುತ್ತಿದ್ದಳು. ಡೋಲ್ವಜ್ಜ ನನ್ನ ಮದುವೆಯಲ್ಲಿ ಕುಣಿದವರು. ಪಿಲ್ಯಳ ಕೈಯನ್ನು ನಿಮ್ಮ ಮಣ್ಣಿಗೆ ಕೊಡುವುದಿಲ್ಲ. ಅವಳು ದೊಡ್ಡವಳಾಗಿ ಯಾವ ಊರಿನ ಗೋಡೆಗೆ ಒತ್ತುತ್ತಾಳೋ ಅವಳಿಗೆ ಬಿಟ್ಟದ್ದು. ಬೆರಿಕ್ ಅವರಿಗೆ ನಾನು ಇನ್ನೂ ಏನೂ ಹೇಳಿಲ್ಲ. ಹೇಳುವ ದಿನ ಕಾಸ್ರಮ್ಮನಿಗೆ ಬರೆಯುತ್ತೇನೆ. ಅಲ್ಲಿಯವರೆಗೆ ನನ್ನ ಕೈ ಅಲ್ಲೇ ಇರಲಿ, ಊರಿಗೆ ಒಂದು ಕಡಿಮೆಯಾಗುವುದು ಬೇಡ. ಪ್ರತಿ ಗಾಡಿಗೂ ಅದು ಹೇಗಿದೆ ಎಂದು ಬರೆಯಿರಿ. ಅದಷ್ಟನ್ನು ನಂಬುತ್ತೇನೆ.

ಕೊನೆಗೆ, ನೀವು ಕೇಳಿದ್ದು. ಯಾರು ಕರೆದರೆಂದು ಅವನು ಹೇಳಿದ್ದ. ನೀವೇ ಸರಿ, ಹೇಳದೆ ಹೋಗುವವನಲ್ಲ. ಮಾವ ತೀರಿಕೊಂಡದ್ದನ್ನು ನಿಮಗೆ ಮತ್ತೆ ನೆನಪಿಸುವುದು ಬೇಡ ಎಂದು ಬರೆದಿರಲಿಲ್ಲ. "ಅಪ್ಪ ಕರೀತಿದಾನೆ, ಬಿಡೆ" ಎಂದ. ಅಷ್ಟೇ. ಗೂಡಿನಿಂದ ನೀವು ಕೂಗಿದ್ದು ನಮಗೆ ಕೇಳಿಸಲಿಲ್ಲ, ಗಾಳಿ ಎದುರಿಗಿತ್ತು. ನಿಮ್ಮ ಹೆಸರು ಅವನು ಎತ್ತಲೇ ಇಲ್ಲ.

ಮಣ್ಣು ಮುಟ್ಟಿ ಹೇಳುತ್ತಿದ್ದೇನೆ.

ಯಾರನ್ನಾದರೂ ಬಾಗಿಲಲ್ಲಿ ಕೂರಿಸಿಕೊಂಡು ಒಲೆ ಹಚ್ಚಿ. ಬಿಸಿಯಾಗಿ ಉಣ್ಣಿ.

ಸೆನ್ವಿ